12 ಲಕ್ಷದವರೆಗೆ ತೆರಿಗೆ ಇಲ್ಲದಿದ್ದರೆ ಐಟಿ ರಿಟರ್ನ್ಸ್ ಬೇಡವೇ?

‘ಆದಾಯ 12 ಲಕ್ಷ ದಾಟದಿದ್ದರೆ ಐಟಿ ರಿಟರ್ನ್ಸ್ ಸಲ್ಲಿಸುವ ಗೊಡವೆಯೇ ಇಲ್ಲ’ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹಲವರು ನಂಬಿದ್ದಾರೆ. ಇದು ನಿಜವೇ? ನೋಡೋಣ.

ಇದು ಅರ್ಧಸತ್ಯ. 2025-26ನೇ ಹಣಕಾಸು ವರ್ಷಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಮಿತಿ 4 ಲಕ್ಷ ರೂ. ಮಾತ್ರ. ಅದರ ಮೇಲಿನ ಆದಾಯಕ್ಕೆ ತೆರಿಗೆ ಲೆಕ್ಕ ಹಾಕಿ, ಸಂಬಳದಾರರ ಆದಾಯ 12 ಲಕ್ಷದೊಳಗಿದ್ದರೆ ಆ ತೆರಿಗೆಯನ್ನು ಮನ್ನಾ ಮಾಡುತ್ತಾರೆ. ಹಾಗಾಗಿ ಸಂಬಳದಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ ಆದಾಯ 4 ಲಕ್ಷ ದಾಟಿದರೆ, ತೆರಿಗೆ ಸೊನ್ನೆಯಾದರೂ ರಿಟರ್ನ್ಸ್ ಸಲ್ಲಿಸಲೇಬೇಕು. ಗಡುವು ಮೀರಿದರೆ 5,000 ರೂ. ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000 ರೂ.

‘ಕಂಪನಿಯೇ ಟಿಡಿಎಸ್ ಕಡಿತ ಮಾಡಿದೆಯಲ್ಲ?’ ಕಂಪನಿ ಕಟ್ಟುವುದು ತೆರಿಗೆ. ಲೆಕ್ಕ ಒಪ್ಪಿಸುವುದು ನಮ್ಮದೇ ಹೊಣೆ. ಹೆಚ್ಚು ಕಡಿತವಾದ ಹಣ ವಾಪಸ್ ಬರುವುದೂ ರಿಟರ್ನ್ಸ್ ಸಲ್ಲಿಸಿದರಷ್ಟೇ.

ವರ್ಷದ ನಡುವೆ ಕೆಲಸ ಬದಲಿಸಿದ್ದರೆ ಎರಡೂ ಕಂಪನಿಗಳಿಂದ ಫಾರಂ 16 ಪಡೆಯಿರಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿರುವ ಎಐಎಸ್ ಜತೆ ತಾಳೆ ನೋಡಿ. ಬ್ಯಾಂಕ್ ಬಡ್ಡಿಯನ್ನೂ ಸೇರಿಸಿ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸಿ. ದೃಢೀಕರಿಸದೇ ಬಿಟ್ಟ ರಿಟರ್ನ್ಸ್, ಸಲ್ಲಿಸದಂತೆಯೇ ಲೆಕ್ಕ.

‘ತೆರಿಗೆ ಇಲ್ಲ’ ಎಂದರೆ ‘ರಿಟರ್ನ್ಸ್ ಬೇಡ’ ಎಂದಲ್ಲ. ಮುಂದಿನ ಸಲ ಅಂಥ ಸಂದೇಶ ಬಂದರೆ ಈ ಮಾತನ್ನೂ ಸೇರಿಸಿ ಕಳಿಸಿ.