ಅಕ್ವೇರಿಯಂ ಕಲ್ಲು ಬದಲಿಸಿದ ವಾರದಲ್ಲೇ ಮೀನು ಸಾಯುವುದೇಕೆ? ಅದು ಮನೆಯ ‘ಕಂಟಕ’ ತೆಗೆದುಕೊಂಡಿತು ಎನ್ನುವುದು ನಿಜವೇ?

ಮನೆಯ ಅಕ್ವೇರಿಯಂನಲ್ಲಿ ಮೀನು ಸತ್ತರೆ ಬೇಸರ ಮಾಡಿಕೊಳ್ಳಬೇಡಿ, ಮನೆಯವರಿಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಹಾಕಿಕೊಂಡಿದೆ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ತಿರುಗುತ್ತಿರುತ್ತದೆ. ಇನ್ನೊಂದು ಸಲಹೆಯೂ ಹೀಗೆಯೇ ಓಡಾಡುತ್ತದೆ: ತೊಟ್ಟಿಯ ತಳದ ಕಲ್ಲನ್ನೆಲ್ಲ ಹೊರಗೆ ತೆಗೆದು, ಬಿಸಿನೀರಿನಲ್ಲಿ ಕುದಿಸಿ ಅಥವಾ ಹೊಸ ಕಲ್ಲು ಹಾಕಿ, ನೀರನ್ನೂ ಪೂರ್ತಿ ಬದಲಿಸಿ, ಮೀನು ಆರೋಗ್ಯವಾಗಿರುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ವಿಚಿತ್ರ ಅನ್ನಿಸುತ್ತದೆ. ಎರಡನೆಯ ಸಂದೇಶ ಮೀನನ್ನು ಕೊಲ್ಲುತ್ತದೆ, ಮೊದಲನೆಯದು ಬಂದು ಸಮಾಧಾನ ಹೇಳುತ್ತದೆ.

ಕಲ್ಲು ಬದಲಿಸಿದ ಮೂರು ದಿನದಿಂದ ಎರಡು ವಾರದೊಳಗೆ ಮೀನು ಸಾಯುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ ಇರುತ್ತದೆ. ಅದು ದೃಷ್ಟಿಯಲ್ಲ, ವಾಸ್ತುವಲ್ಲ. ಅದು ಅಮೋನಿಯಾ. ಇದನ್ನು ತಡೆಯುವುದು ಕಷ್ಟವೂ ಅಲ್ಲ, ಖರ್ಚಿನದೂ ಅಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರು ಮಾತ್ರ ತಮ್ಮ ನೀರಿನ ಕಾರಣಕ್ಕೆ ಸ್ವಲ್ಪ ಹೆಚ್ಚು ಎಚ್ಚರ ವಹಿಸಬೇಕು. ಅದನ್ನು ಮುಂದೆ ಹೇಳುತ್ತೇವೆ.

ಕಲ್ಲಿನ ಮೇಲೆ ಯಾರಿದ್ದಾರೆ?

ಬೆಳಗ್ಗೆ ದನದ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದು ಅಮೋನಿಯಾ. ಮೀನು ಇದೇ ಅಮೋನಿಯಾವನ್ನು ಹೆಚ್ಚಾಗಿ ತನ್ನ ಕಿವಿರುಗಳ ಮೂಲಕ ದಿನವಿಡೀ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಕೊಳೆತ ಗಿಡದ ಎಲೆಯಿಂದಲೂ ಅದು ಬರುತ್ತದೆ. ಕೆರೆಯಲ್ಲಿ ಇದು ಲೆಕ್ಕಕ್ಕಿಲ್ಲ. ಎರಡು ಅಡಿಯ ತೊಟ್ಟಿಯಲ್ಲಿ ಇರುವುದು ಹೆಚ್ಚೆಂದರೆ 50 ಲೀಟರ್ ನೀರು. ಅಲ್ಲಿ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತದೆ.

ಹಾಗಿದ್ದರೂ ಹಳೆಯ ತೊಟ್ಟಿಯಲ್ಲಿ ಮೀನು ವರ್ಷಗಟ್ಟಲೆ ಬದುಕುತ್ತದೆ. ಕಾರಣ, ಕಲ್ಲಿನ ಮೇಲೆ ಕೈಯಿಟ್ಟರೆ ತಿಳಿಯುವ ಆ ತೆಳುವಾದ ಲೋಳೆ. ಅದರಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ವಿಷ, ನೈಟ್ರೈಟ್ ಕೂಡ ವಿಷ. ನೈಟ್ರೇಟ್ ಮಾತ್ರ ಬಹಳ ಹೆಚ್ಚಾಗುವವರೆಗೆ ಮೀನಿಗೆ ತೊಂದರೆ ಕೊಡುವುದಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೊರಟುಹೋಗುತ್ತದೆ.

ಕೃಷಿಕರಿಗೆ ಇದು ಹೊಸ ವಿಷಯವಲ್ಲ. ಈರುಳ್ಳಿ ಹೊಲಕ್ಕೋ ಅಡಿಕೆ ತೋಟಕ್ಕೋ ಹಾಕಿದ ಯೂರಿಯಾ ಮೊದಲು ಅಮೋನಿಯಾ ಆಗಿ, ಆಮೇಲೆ ನೈಟ್ರೇಟ್ ಆಗುವುದು ಮಣ್ಣಿನಲ್ಲಿರುವ ಇಂತಹ ಬ್ಯಾಕ್ಟೀರಿಯಾಗಳಿಂದಲೇ. ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಇವನ್ನು ಬೇರ್ಪಡಿಸಿ ತೋರಿಸಿದರು. ಹಳೆಯ ಪುಸ್ತಕಗಳಲ್ಲಿ ನೈಟ್ರೋಸೋಮೋನಾಸ್ ಮತ್ತು ನೈಟ್ರೋಬ್ಯಾಕ್ಟರ್ ಎಂಬ ಎರಡು ಹೆಸರು ಸಿಗುತ್ತವೆ. ಆದರೆ ಸಿಹಿನೀರಿನ ಅಕ್ವೇರಿಯಂಗಳಲ್ಲಿ ಎರಡನೆಯ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾದ್ದು ಎಂದು 1998ರಲ್ಲಿ ತಿಳಿಯಿತು. ಒಂದೇ ನೈಟ್ರೋಸ್ಪೈರಾ ಎರಡೂ ಹಂತವನ್ನು ತಾನೇ ಮುಗಿಸಬಲ್ಲದು ಎಂದು 2015ರಲ್ಲಿ ಗೊತ್ತಾಯಿತು. ಆ ಶೋಧಕ್ಕೆ ದಾರಿಯಾದ ಮಾದರಿಗಳಲ್ಲಿ ಒಂದು ಬಂದದ್ದು ಮೀನು ಸಾಕಣೆಯ ನೀರು ಶುದ್ಧ ಮಾಡುವ ಫಿಲ್ಟರ್‌ನಿಂದಲೇ.

ಇವುಗಳ ದೌರ್ಬಲ್ಯ ಒಂದೇ, ನಿಧಾನ. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಇಮ್ಮಡಿಯಾಗುತ್ತವೆ. ಇವಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿ ತೊಟ್ಟಿಯನ್ನು ಪೂರ್ತಿ ‘ಶುಚಿ’ ಮಾಡಿದರೆ ಈ ಬಳಗ ಮತ್ತೆ ಕಟ್ಟಿಕೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಮೀನು ತನ್ನ ವಿಸರ್ಜನೆಯಲ್ಲೇ ಈಜಬೇಕು. ನೀರು ಕನ್ನಡಿಯಂತೆ ಹೊಳೆಯುತ್ತಿದ್ದರೂ ಅಷ್ಟೇ. ಅಮೋನಿಯಾಕ್ಕೂ ನೈಟ್ರೈಟ್‌ಗೂ ಬಣ್ಣವಿಲ್ಲ. ನಮ್ಮ ಮೂಗಿಗೆ ವಾಸನೆ ಸಿಗುವ ಮಟ್ಟಕ್ಕೆ ಬರುವ ಬಹಳ ಮೊದಲೇ ಮೀನಿಗೆ ಪೆಟ್ಟು ಬಿದ್ದಿರುತ್ತದೆ.

ನಿಮ್ಮ ತೊಟ್ಟಿಯಲ್ಲಿ ಫಿಲ್ಟರ್ ಎಲ್ಲಿದೆ?

ಕಲ್ಲು ಬದಲಿಸಿದರೂ ನಮ್ಮ ಮೀನಿಗೆ ಏನೂ ಆಗಲಿಲ್ಲ ಎನ್ನುವವರೂ ಇದ್ದಾರೆ. ಅವರ ಮಾತೂ ಸುಳ್ಳಲ್ಲ. ತೊಟ್ಟಿಯಲ್ಲಿ ಹಳೆಯ ಸ್ಪಂಜ್ ಫಿಲ್ಟರೋ ಹೊರಗೆ ನೇತುಹಾಕುವ ಫಿಲ್ಟರೋ ತಿಂಗಳುಗಟ್ಟಲೆ ನಡೆಯುತ್ತಿದ್ದರೆ, ಬ್ಯಾಕ್ಟೀರಿಯಾದ ದೊಡ್ಡ ಪಾಲು ಅದರೊಳಗೇ ನೆಲೆಸಿರುತ್ತದೆ. ಆಮ್ಲಜನಕ ಇರುವ ನೀರು ಸದಾ ಹರಿಯುವ ಜಾಗ ಅದು. ಆ ಸ್ಪಂಜನ್ನು ಮುಟ್ಟದೆ ಕಲ್ಲು ಮಾತ್ರ ತೆಗೆದರೆ ನಷ್ಟ ಕಡಿಮೆ.

ಆದರೆ ಕಲ್ಲಿನ ಕೆಳಗೆ ತೂತುಗಳಿರುವ ಪ್ಲಾಸ್ಟಿಕ್ ಹಲಗೆ ಇಟ್ಟು, ಏರ್ ಪಂಪ್‌ನಿಂದ ನೀರನ್ನು ಕಲ್ಲಿನ ಮೂಲಕ ಎಳೆಯುವ ಹಳೆಯ ಪದ್ಧತಿಯ ತೊಟ್ಟಿಗಳಲ್ಲಿ ಕಲ್ಲೇ ಫಿಲ್ಟರ್. ಬರೀ ಗುಳ್ಳೆ ಬಿಡುವ ಪಂಪ್ ಮಾತ್ರ ಇರುವ ತೊಟ್ಟಿಯಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಇಂತಹ ತೊಟ್ಟಿಯ ಕಲ್ಲನ್ನು ಒಂದೇ ದಿನ ಪೂರ್ತಿ ಎತ್ತುವುದೆಂದರೆ ಫಿಲ್ಟರನ್ನೇ ಕಿತ್ತು ಬಿಸಾಡಿದಂತೆ. ನಮ್ಮ ಮಟ್ಟಿಗೆ, ಕಲ್ಲಿಗೆ ಕೈ ಹಾಕುವ ಮೊದಲು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ.

ಕುದಿಸುವುದು, ಬ್ಲೀಚಿಂಗ್ ಪೌಡರ್‌ನಲ್ಲಿ ನೆನೆಸುವುದು, ಕ್ಲೋರಿನ್ ಇರುವ ನಲ್ಲಿ ನೀರಿನ ಕೆಳಗೆ ಉಜ್ಜಿ ತೊಳೆಯುವುದು, ಇವೆಲ್ಲ ಹೊಸ ಕಲ್ಲು ಹಾಕಿದ್ದಕ್ಕೆ ಸಮ. ಸೋಪಂತೂ ಹತ್ತಿರವೇ ಬರಬಾರದು.

ಭದ್ರೆಯ ನೀರು, ಬೋರ್‌ವೆಲ್ ನೀರು

ಈಗ ಊರಿನ ವಿಷಯ. ತರೀಕೆರೆ ತಾಲ್ಲೂಕಿನ ಪಶ್ಚಿಮದ ಅಂಚು ಮಲೆನಾಡು, ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. ಕಡೂರು ಮತ್ತು ಅಜ್ಜಂಪುರದ ಕಡೆ ಬಯಲುಸೀಮೆ, ಮಳೆ ಕಡಿಮೆ, ಬೋರ್‌ವೆಲ್ ನೀರಿನ ಅವಲಂಬನೆ ಹೆಚ್ಚು. ಹೊಳೆಯ ನೀರು ಸಾಮಾನ್ಯವಾಗಿ ಮೆದು. ಆಳದ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಕ್ಷಾರದ ಗುಣದ್ದು. ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಈ ಎರಡನೆಯ ಗುಂಪು.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಅಮೋನಿಯಂ, ಅಷ್ಟಾಗಿ ಅಪಾಯವಿಲ್ಲ. ಇನ್ನೊಂದು ಕಿವಿರಿನೊಳಗೆ ನುಗ್ಗುವ ನಿಜವಾದ ವಿಷ. ಯಾವುದು ಎಷ್ಟಿರಬೇಕು ಎಂದು ನಿರ್ಧರಿಸುವುದು ನೀರಿನ ಪಿಎಚ್ ಮತ್ತು ಬಿಸಿ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪ ಸುಮಾರು 0.6% ಮಾತ್ರ. ಪಿಎಚ್ 8 ಆದರೆ ಅದು 5% ದಾಟುತ್ತದೆ. ಲೆಕ್ಕ ಹಾಕಿ ನೋಡಿ: ಲೀಟರಿಗೆ 1 ಮಿಲಿಗ್ರಾಂ ಒಟ್ಟು ಅಮೋನಿಯಾ ಇದ್ದರೆ ಮೊದಲ ನೀರಿನಲ್ಲಿ ವಿಷ 0.006 ಮಿಲಿಗ್ರಾಂ, ಎರಡನೆಯದರಲ್ಲಿ 0.05ಕ್ಕಿಂತ ತುಸು ಹೆಚ್ಚು. ಮೀನಿನ ಕಿವಿರಿಗೆ ಹಾನಿ ಶುರುವಾಗುವ ಮಟ್ಟ ಎಂದು ಸಾಮಾನ್ಯವಾಗಿ ಹೇಳುವುದು ಆ 0.05 ಮಿಲಿಗ್ರಾಮನ್ನೇ. ಅಂದರೆ ಒಂದೇ ಬಗೆಯ ತೊಟ್ಟಿ, ಅಷ್ಟೇ ಮೀನು, ಅದೇ ತಪ್ಪು. ಮೆದು ನೀರಿನ ಮನೆಯಲ್ಲಿ ಮೀನು ಉಳಿಯಬಹುದು, ಗಡಸು ನೀರಿನ ಮನೆಯಲ್ಲಿ ಸಾಯಬಹುದು. ಒಬ್ಬರ ಅನುಭವ ಇನ್ನೊಬ್ಬರಿಗೆ ಫಾರ್ವರ್ಡ್ ಆದಾಗ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ.

ಬೇಸಿಗೆಯಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. ನೀರು ಬಿಸಿಯಾದಷ್ಟೂ ವಿಷರೂಪದ ಪಾಲು ಏರುತ್ತದೆ, ಆಮ್ಲಜನಕ ಇಳಿಯುತ್ತದೆ. 25 ಡಿಗ್ರಿಯಲ್ಲಿ ಲೀಟರ್ ನೀರು ಹಿಡಿದಿಡಬಲ್ಲ ಆಮ್ಲಜನಕ ಸುಮಾರು 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5ರ ಆಸುಪಾಸು. ಮೇಲಿಂದ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಮೀನಿಗಷ್ಟೇ ಅಲ್ಲ, ಬ್ಯಾಕ್ಟೀರಿಯಾಕ್ಕೂ ಉಸಿರು ಕಟ್ಟುತ್ತದೆ. ಏಪ್ರಿಲ್‌ನಲ್ಲಿ ಕಲ್ಲು ಬದಲಿಸುವ ಉತ್ಸಾಹವನ್ನು ಮಳೆಗಾಲಕ್ಕೆ ಮುಂದೂಡಿದರೆ ನಷ್ಟವೇನಿಲ್ಲ.

ಬದಲಿಸಲೇಬೇಕೆ?

ಹಳೆಯದಾಯಿತು ಎನ್ನುವ ಒಂದೇ ಕಾರಣಕ್ಕೆ ಬೇಡ. ಕಲ್ಲು ಹಳಸುವುದಿಲ್ಲ. ಕೊಳೆ ಕೂತಿದ್ದರೆ ನೀರು ಬದಲಿಸುವಾಗ ಪೈಪಿನಿಂದ ಎಳೆದು ತೆಗೆದರೆ ಸಾಕು. ಆದರೆ ಬಣ್ಣ ಬಳಿದ ಕಲ್ಲಿನಿಂದ ಬಣ್ಣ ಉದುರುತ್ತಿದ್ದರೆ, ಅಂಚು ಚೂಪಾಗಿದ್ದು ತಳದಲ್ಲಿ ಮೇಯುವ ಮೀನಿನ ಮೀಸೆ ಸವೆಯುತ್ತಿದ್ದರೆ, ಗಿಡ ನೆಡಲು ಮರಳು ಬೇಕಿದ್ದರೆ ಬದಲಿಸುವುದು ಸರಿಯೇ.

ಹೊರಗಿನಿಂದ ತಂದ ಕಲ್ಲಾದರೆ ಒಂದು ಪರೀಕ್ಷೆ ಮಾಡಿ. ಒಣಗಿದ ಕಲ್ಲಿನ ಮೇಲೆ ವಿನೆಗರ್ ಅಥವಾ ನಿಂಬೆರಸದ ಹನಿ ಹಾಕಿ. ನೊರೆನೊರೆಯಾಗಿ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ನೀರಿನ ಗಡಸುತನವನ್ನೂ ಪಿಎಚ್ಅನ್ನೂ ಏರಿಸುತ್ತದೆ. ಕಪ್ಪೆಚಿಪ್ಪು, ಹವಳದ ಚೂರು, ಎರೆಮಣ್ಣಿನಲ್ಲಿ ಸಿಗುವ ಬಿಳಿ ಸುಣ್ಣದ ಗಂಟು ಎಲ್ಲವೂ ಹೀಗೆಯೇ. ಬೆಣಚುಕಲ್ಲಿಗೆ ಏನೂ ಆಗುವುದಿಲ್ಲ, ಅದು ಒಳ್ಳೆಯ ಆಯ್ಕೆ. ಮೆದು ನೀರಿನ ಮನೆಯಲ್ಲಿ ಸುಣ್ಣದ ಕಲ್ಲು ಹೆಚ್ಚು ಬದಲಾವಣೆ ತರುತ್ತದೆ, ಆಗಲೇ ಗಡಸಾದ ನೀರಿನಲ್ಲಿ ಅಷ್ಟಾಗಿ ಕಾಣದು.

ಹೆಪ್ಪು ಹಾಕುವ ಹಾಗೆ

ಮೊಸರು ಮುಗಿಯಿತೆಂದು ಯಾರೂ ಪಾತ್ರೆಯನ್ನು ಪೂರ್ತಿ ಬಳಿದು ತೊಳೆಯುವುದಿಲ್ಲ, ಹೆಪ್ಪಿಗೆ ಒಂದಿಷ್ಟು ಉಳಿಸುತ್ತೇವೆ. ಕಲ್ಲು ಬದಲಿಸುವ ವಿಧಾನವೂ ಅಷ್ಟೇ. ಒಂದು ಸಲಕ್ಕೆ ಕಾಲು ಭಾಗ ಅಥವಾ ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ. ಎರಡು ವಾರ ಬಿಟ್ಟು ಮುಂದಿನ ಭಾಗ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಯಲ್ಲಿ ಎರಡು ಇಂಚು ಕಲ್ಲು ಹಾಸಿದ್ದರೆ ಅದು ಹೆಚ್ಚುಕಡಿಮೆ 14 ಕೆಜಿ ಆಗುತ್ತದೆ. ಹಾಗಾಗಿ ಪ್ರತಿ ಸಲ ಮೂರೂವರೆ, ನಾಲ್ಕು ಕೆಜಿ.

ಹೊರತೆಗೆದ ಕಲ್ಲಿನಲ್ಲಿ ಒಂದೆರಡು ಹಿಡಿಯನ್ನು ಚೆನ್ನಾಗಿ ತೊಳೆದ ಈರುಳ್ಳಿ ಬಲೆ ಚೀಲದಲ್ಲಿ ಕಟ್ಟಿ, ಗುಳ್ಳೆ ಬರುವ ಜಾಗದಲ್ಲಿ ತಿಂಗಳ ಕಾಲ ನೇತುಬಿಡಿ. ಹೊಸ ಕಲ್ಲಿಗೆ ಇದೇ ಹೆಪ್ಪು. ಚೀಲದ ಕಲ್ಲು ಒಣಗಲು ಬಿಡಬೇಡಿ, ಕೆಲಸ ಮುಗಿಯುವವರೆಗೆ ತೊಟ್ಟಿಯದೇ ನೀರಿನ ಬಕೆಟ್‌ನಲ್ಲಿರಲಿ. ಹೊಸ ಕಲ್ಲನ್ನು ಮಾತ್ರ ನೀರು ತಿಳಿಯಾಗುವವರೆಗೆ ತೊಳೆಯಿರಿ. ಅದೇ ದಿನ ಫಿಲ್ಟರ್ ಸ್ಪಂಜಿಗೆ ಕೈ ಹಚ್ಚಬೇಡಿ. ಹೊಸ ಮೀನು ತರುವ ಆಲೋಚನೆಯನ್ನು ತಿಂಗಳು ಬಿಟ್ಟು ಮಾಡಿ. ತುಂಬಿಸುವ ನೀರು ಬ್ಲೀಚಿಂಗ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಬಳಸಿ.

ಆಮೇಲಿನ ಎರಡು ವಾರ ಮೀನನ್ನು ಗಮನಿಸಿ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುವುದು, ಕಿವಿರು ಕೆಂಪಗಾಗುವುದು, ರೆಕ್ಕೆ ಮುದುಡಿ ತಳದಲ್ಲಿ ಕೂರುವುದು ಕಂಡರೆ ಆಹಾರ ನಿಲ್ಲಿಸಿ. ದೊಡ್ಡ ಮೀನು ಎರಡು ಮೂರು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ದಿನಕ್ಕೆ ಕಾಲು ಭಾಗದಷ್ಟು ನೀರು ಬದಲಿಸಿ. ಕಲ್ಲುಪ್ಪು ಹಾಕಿ ಎನ್ನುವ ಸಲಹೆಯಲ್ಲಿ ಅರ್ಧ ಸತ್ಯವಿದೆ. ನೈಟ್ರೈಟ್ ಮೀನಿನ ರಕ್ತ ಸೇರಿ ಅದನ್ನು ಕಂದು ಬಣ್ಣಕ್ಕೆ ತಿರುಗಿಸಿ, ಆಮ್ಲಜನಕ ಸಾಗಿಸಲಾಗದಂತೆ ಮಾಡುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಲೀಟರಿಗೆ ಅರ್ಧದಿಂದ 1 ಗ್ರಾಂ ಸಾಕು. ಆದರೆ ಉಪ್ಪು ಅಮೋನಿಯಾವನ್ನು ತೆಗೆಯುವುದಿಲ್ಲ.

ಇನ್ನು ಎಂಟು ಬಂಗಾರದ ಬಣ್ಣದ ಮೀನು, ಒಂದು ಕಪ್ಪು ಮೀನು ಇಟ್ಟರೆ ಕಪ್ಪು ಮೀನು ಕೆಟ್ಟದ್ದನ್ನೆಲ್ಲ ಹೀರಿಕೊಳ್ಳುತ್ತದೆ ಎನ್ನುವ ನಂಬಿಕೆ. ಇದು ಚೀನಾದ ಫೆಂಗ್‌ಶುಯಿಯಿಂದ ಬಂದು ನಮ್ಮ ವಾಸ್ತು ಸಂದೇಶಗಳಲ್ಲಿ ಬೆರೆತುಹೋಗಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಗೋಲ್ಡ್ ಫಿಶ್ ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುವ ಜಾತಿ. 50 ಲೀಟರಿಗೆ ಒಂಬತ್ತು ಗೋಲ್ಡ್ ಫಿಶ್ ಇಟ್ಟು ಕಲ್ಲನ್ನೂ ಒಮ್ಮೆಗೇ ಬದಲಿಸಿದರೆ ಕಪ್ಪು, ಬಂಗಾರ ಎಂಬ ಭೇದವಿಲ್ಲದೆ ಸಾಯುತ್ತವೆ.

ತೆಗೆದ ಹಳೆಯ ಕಲ್ಲನ್ನು ಕಾಲುವೆಗೋ ಕೆರೆಗೋ ಸುರಿಯಬೇಡಿ. ಅದರಲ್ಲಿ ಹೊರಗಿನ ಬಸವನಹುಳುವಿನ ಮೊಟ್ಟೆ, ಗಿಡದ ಬೇರು ಇರಬಹುದು. ಸಾಕಿ ಸಾಕಾದ ಮೀನನ್ನು ಅಯ್ಯನಕೆರೆಗೋ ಮದಗದಕೆರೆಗೋ ಬಿಡುವುದಂತೂ ಬೇಡವೇ ಬೇಡ. ಗಾಜು ನೆಕ್ಕಿ ಶುಚಿ ಮಾಡುತ್ತದೆಂದು ತರುವ ಸಕ್ಕರ್ ಮೀನು ಹೀಗೆ ಬಿಟ್ಟವರಿಂದಲೇ ದೇಶದ ಹಲವು ಕೆರೆ ನದಿಗಳಲ್ಲಿ ನೆಲೆಯೂರಿ ಅಲ್ಲಿನ ಮೀನುಗಾರರಿಗೆ ತಲೆನೋವಾಗಿದೆ. ಕಲ್ಲನ್ನು ಬಿಸಿಲಿನಲ್ಲಿ ಒಂದು ವಾರ ಒಣಗಿಸಿ ಹೂಕುಂಡದ ತಳಕ್ಕೆ ಹಾಕಿ, ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ.