ಗೀಟು ತಪ್ಪಿದರೆ ರಾಗ ಬೇರೆ

ಸಾಲಕ್ಕೆ ಹೊಲ, ಮನೆ, ಕೊರಳಿನ ಸರಗಳನ್ನು ಒತ್ತೆಯಿಡುವುದು ಲೋಕರೂಢಿ. ರಾಗವನ್ನೇ ಒತ್ತೆಯಿಟ್ಟ ಮಹಾನುಭಾವರೂ ಇದ್ದರೆಂದು ಕರ್ನಾಟಕ ಸಂಗೀತದ ಕಥಾಭಂಡಾರ ಹೇಳುತ್ತದೆ. ತಂಜಾವೂರು ಸೀಮೆಯ ನರಸಯ್ಯನೆಂಬ ಗಾಯಕ ಶಂಕರಾಭರಣದಲ್ಲಿ ಎಷ್ಟು ಪಳಗಿದ್ದನೆಂದರೆ, ಆ ರಾಗದ ಹೆಸರು ಆತನ ಹೆಸರಿನ ಮುಂದೆ ಬಿರುದಾಗಿ ನಿಂತಿತ್ತು. ಕೈ ಬರಿದಾದ ಕಾಲದಲ್ಲಿ ಆತ ಕಪಿಸ್ಥಲದ ಜಮೀನುದಾರನಲ್ಲಿ ಸಾಲ ಕೇಳಿದ. ಒತ್ತೆಗೆ ಏನುಂಟೆಂಬ ಪ್ರಶ್ನೆ ಬಂತು. ಆಭರಣವೊಂದಿದೆ ಎಂದ ನರಸಯ್ಯ. ಯಾವ ಆಭರಣವೆಂದರೆ, ಶಂಕರಾಭರಣ! ಸಾಲ ತೀರುವ ತನಕ ಆ ರಾಗವನ್ನು ಎಲ್ಲಿಯೂ ಹಾಡುವುದಿಲ್ಲವೆಂದು ಪತ್ರವನ್ನೂ ಬರೆದುಕೊಟ್ಟ. ಕೊನೆಗೆ ಕುಂಭಕೋಣದ ಸಿರಿವಂತನೊಬ್ಬ, ತನ್ನ ಮನೆಯ ಮದುವೆಯಲ್ಲಿ ಅದೇ ರಾಗವನ್ನು ಕೇಳಬೇಕೆಂಬ ಆಸೆಯಿಂದ ಹಣ ಕಟ್ಟಿ ಬಿಡಿಸಿದನಂತೆ.

ಕಥೆಯ ಕಾಲಕ್ಕೆ 1872ರ ಭಾರತೀಯ ಕರಾರು ಕಾಯಿದೆ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಜಮೀನುದಾರ ಪೇಚಿಗೆ ಸಿಲುಕುತ್ತಿದ್ದ. ಅದರ 172ನೆಯ ಕಲಮಿನ ಪ್ರಕಾರ ಒತ್ತೆಯೆಂದರೆ ಸಾಲದ ಭದ್ರತೆಗಾಗಿ ಸರಕನ್ನು ವಶಕ್ಕೆ ಕೊಡುವುದು. ಗಂಟಲಿನಲ್ಲಿರುವ ನಿಷಾದವನ್ನು ಯಾವ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು?

ಅದಕ್ಕಿಂತ ದೊಡ್ಡ ಗಂಡಾಂತರ ಇರಬಹುದಾಗಿದ್ದದ್ದು ಕಾಗುಣಿತದಲ್ಲಿ. ಪತ್ರವನ್ನು ಕನ್ನಡದಲ್ಲಿ ಬರೆಸಿದ್ದು, ರಾಗದ ಪೂರ್ಣನಾಮವಾದ ‘ಧೀರಶಂಕರಾಭರಣ’ವನ್ನೇ ನಮೂದಿಸಿದ್ದು, ಬರೆದವನು ಮೊದಲ ಅಕ್ಷರದ ಅಡಿಯ ಗೀಟನ್ನು ಮರೆತಿದ್ದರೆ? ನರಸಯ್ಯನ ಪರ ವಕೀಲ ಎದ್ದು ನಿಂತು, “ಸ್ವಾಮಿ, ನನ್ನ ಕಕ್ಷಿದಾರರು ಒತ್ತೆಯಿಟ್ಟದ್ದು 28ನೆಯ ಮೇಳ, ಹಾಡಿದ್ದು 29ನೆಯದು. ದಾವೆಯನ್ನು ವಜಾ ಮಾಡಬೇಕು” ಎಂದು ಕೈಮುಗಿಯುತ್ತಿದ್ದ. ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ.

ಮೇಳಕರ್ತ ರಾಗಗಳು 72. ಅವುಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿಯೇ ಕ್ರಮಸಂಖ್ಯೆ ಅಡಗಿದೆ. ಇದಕ್ಕೆ ಕಟಪಯಾದಿ ಎಂದು ಹೆಸರು. ‘ಕ’ದಿಂದ ‘ಝ’ದ ವರೆಗೆ 1ರಿಂದ 9; ‘ಟ’ದಿಂದ ‘ಧ’ದ ವರೆಗೆ ಮತ್ತೆ 1ರಿಂದ 9; ‘ಪ’ದಿಂದ ‘ಮ’ದ ವರೆಗೆ 1ರಿಂದ 5; ‘ಯ’ದಿಂದ ‘ಹ’ದ ವರೆಗೆ 1ರಿಂದ 8. ‘ಞ’ ಮತ್ತು ‘ನ’ಗಳಿಗೆ ಸೊನ್ನೆ. ಸ್ವರಗಳಿಗೆ ಬೆಲೆಯಿಲ್ಲ; ಒತ್ತಕ್ಷರವಿದ್ದರೆ ಕೊನೆಯ ವ್ಯಂಜನಕ್ಕೆ ಬೆಲೆ. ಬಂದ ಎರಡು ಅಂಕಿಗಳನ್ನು ತಿರುವುಮುರುವಾಗಿ ಓದಬೇಕು. ಸರಳೆವರಸೆಯ ಮಾಯಾಮಾಳವಗೌಳದಲ್ಲಿ ‘ಮಾ’ ಎಂದರೆ 5, ‘ಯಾ’ ಎಂದರೆ 1, ತಿರುಗಿಸಿದರೆ 15. ಹಾಗೆಯೇ ‘ಧೀರ’ 29. ಗೀಟು ಹೋದರೆ ‘ಧ’ದ 9 ‘ದ’ದ 8 ಆಗಿ, ಶಂಕರನ ಆಭರಣ 28ನೆಯ ಹರಿಕಾಂಭೋಜಿಯ ಮನೆಗೆ ಹೋಗಿಬಿಡುತ್ತದೆ: ಹರನ ಸೊತ್ತು ಹರಿಯ ಪಾಲು! ಎರಡು ಮೇಳಗಳಿಗೂ ಇರುವ ವ್ಯತ್ಯಾಸ ಒಂದೇ ಒಂದು ನಿಷಾದ. ಅಲ್ಲಿ ಕಾಕಲಿ, ಇಲ್ಲಿ ಕೈಶಿಕಿ.

ಧೇನುಕ 9ನೆಯದು, ‘ದೇನುಕ’ ಎಂದು ಬರೆದರೆ 8ನೆಯ ತೋಡಿ. ಖರಹರಪ್ರಿಯ 22, ‘ಕರಹರಪ್ರಿಯ’ವಾದರೆ 21ನೆಯ ಕೀರವಾಣಿ. ಎಲ್ಲಕ್ಕಿಂತ ದುಬಾರಿ ತಪ್ಪು ನಠಭೈರವಿಯದು. ಅದು 20ನೆಯ ಮೇಳ. ‘ನಟಭೈರವಿ’ ಎಂದು ಬರೆದವನು ಹತ್ತು ಮೆಟ್ಟಿಲು ಜಾರಿ 10ನೆಯ ನಾಟಕಪ್ರಿಯದಲ್ಲಿ ಬಿದ್ದಿರುತ್ತಾನೆ. ನಟನಾದ ಮೇಲೆ ನಾಟಕ ತಪ್ಪೀತೆ? ವರ್ಣಮಾಲೆಯಲ್ಲಿ ಅಲ್ಪಪ್ರಾಣದ ಮರುಮನೆಯೇ ಮಹಾಪ್ರಾಣದ್ದಾದ್ದರಿಂದ ಈ ಜಾರುವಿಕೆ ಸದಾ ಕೆಳಕ್ಕೇ.

ಗಡಿನಾಡಿನ ಕನ್ನಡ ಶಾಲೆಯ ಮಗು ಮಹಾಪ್ರಾಣ ತಪ್ಪಿದ್ದಕ್ಕೆ ಅರ್ಧ ಅಂಕ ಕಳೆದುಕೊಂಡು ಮನೆಗೆ ಬಂದರೆ, ‘ಅರ್ಥವಾಗುತ್ತದಲ್ಲ, ಮತ್ತೇಕೆ ಈ ಕೆಂಪು ಗೆರೆ?’ ಎಂದು ಕೇಳುವ ಹಿರಿಯರಿದ್ದಾರೆ. ಬಾಯಿಮಾತಿನಲ್ಲಿ ಮಹಾಪ್ರಾಣ ಸವೆದುಹೋಗಿರುವುದೂ ನಿಜವೇ. ಅಂಥ ಹಿರಿಯರ ಮುಂದೆ ವ್ಯಾಕರಣ ಬಿಚ್ಚುವುದಕ್ಕಿಂತ ಈ ಲೆಕ್ಕವನ್ನು ಹಾಕಿ ತೋರಿಸುವುದು ಲೇಸು. ಮಲಯಾಳ ನಾಡಿಗೂ ಇದು ಪರಕೀಯವಲ್ಲ. ಮೇಲ್ಪತ್ತೂರು ನಾರಾಯಣ ಭಟ್ಟತಿರಿ ‘ನಾರಾಯಣೀಯ’ವನ್ನು ಮುಗಿಸಿದ ದಿನವನ್ನು ಅದರ ಕಡೆಯ ಪದದಲ್ಲಿ ಇದೇ ಲೆಕ್ಕದಿಂದ ಅಡಗಿಸಿಟ್ಟಿದ್ದಾರೆ.

ವಾಗ್ಗೇಯಕಾರರನ್ನೇ ಈ ತಕ್ಕಡಿಗೆ ಹಾಕಿದರೆ ಇನ್ನೂ ಸೊಗಸು. ಮುತ್ತುಸ್ವಾಮಿ ದೀಕ್ಷಿತರ ‘ಮುತ್ತು’ 65, ಮೇಚಕಲ್ಯಾಣಿ. ತ್ಯಾಗರಾಜರ ‘ತ್ಯಾಗ’ 31, ಯಾಗಪ್ರಿಯ. ತ್ಯಾಗ ಯಾಗಗಳಿಗೆ ನಂಟಿರಬೇಕಾದದ್ದೇ. ಹಲವು ಭಾಷೆಗಳಲ್ಲಿ ಕೃತಿ ರಚಿಸಿದ ತಿರುವಾಂಕೂರಿನ ದೊರೆ ಸ್ವಾತಿ ತಿರುನಾಳರು 64, ವಾಚಸ್ಪತಿ. ಪುರಂದರದಾಸರು 21, ಕೀರವಾಣಿ, ಅಂದರೆ ಗಿಳಿನುಡಿ. ಶ್ಯಾಮಾಶಾಸ್ತ್ರಿಗಳು ಮಾತ್ರ ತಕರಾರಿನ ಕಕ್ಷಿ. ಒತ್ತಕ್ಷರದ ನಿಯಮದಂತೆ ‘ಶ್ಯಾಮ’ 51 ಆಗಬೇಕು. ಆದರೆ ಶ್ಯಾಮಲಾಂಗಿ ಕುಳಿತಿರುವುದು 55ರಲ್ಲಿ. ಚಕ್ರವಾಕವೂ ಹೀಗೆಯೇ, 26 ಆಗಬೇಕಾದದ್ದು 16ರಲ್ಲಿದೆ. ಕಾಯಿದೆಯಿದ್ದಲ್ಲಿ ಪರಂತುಕವೂ ಇರುತ್ತದೆ.

ರಾಮಾಯಣದವರನ್ನು ಕರೆದರೆ ರಾಮ 52, ರಾಮಪ್ರಿಯ. ಸೀತೆ 67, ಸುಚರಿತ್ರ. ಅಗ್ನಿಪರೀಕ್ಷೆಯ ಅಗತ್ಯವೇ ಇರಲಿಲ್ಲ. ರಾವಣ 42, ಅದರ ಹೆಸರು ರಘುಪ್ರಿಯ! ರಾಧೆಗೆ ಮಾತ್ರ ಮನೆಯಿಲ್ಲ. ಆಕೆಯ ಸಂಖ್ಯೆ 92. ಎಪ್ಪತ್ತಮೂರನೆಯ ಮೇಳವನ್ನು ಪರಶಿವನೂ ಕಟ್ಟಲಾರನೆಂದು 17ನೆಯ ಶತಮಾನದಲ್ಲಿಯೇ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ ಸವಾಲು ಹಾಕಿದ್ದಾನೆ.

ಮಕ್ಕಳಿಗೆ ಇಷ್ಟವಾಗಬೇಕಾದವನು ಭೀಮ. ‘ಭೀ’ 4, ‘ಮ’ 5. ತಿರುಗಿಸಿದರೆ 54, ವಿಶ್ವಂಭರಿ, ವಿಶ್ವವನ್ನೇ ಹೊರುವವಳು. ಗೀಟು ಬಿಟ್ಟು ‘ಬೀಮ’ ಎಂದು ಬರೆದರೆ 53. ಆ ಮೇಳದ ಹೆಸರು ಗಮನಶ್ರಮ. ನಡೆದು ದಣಿದ ‘ಬೀಮ’ ಗದೆಯನ್ನು ಪಕ್ಕಕ್ಕಿಟ್ಟು ದಾರಿಬದಿಯಲ್ಲಿ ಕುಳಿತುಬಿಡುತ್ತಾನೆ.