ಸೀತನಿ ತಿನ್ನೋರು ಸಾವಿರ, ಬಣವಿ ಒಟ್ಟೋರು ಯಾರು?

ಪುಣೆಯಲ್ಲಿ ಚಳಿಗಾಲ ಬಂತೆಂದರೆ ‘ಹುರಡಾ ಪಾರ್ಟಿ’ಗಳು ಶುರು. ನಮ್ಮ ಕಡೆ ಸೀತನಿ ಅಂತೀವಲ್ಲ, ಅದೇ. ತಲೆಗೆ ಇಷ್ಟು ಅಂತ ರೊಕ್ಕ ಕಟ್ಟಿದರೆ ಹೊಲದಾಗ ಕೂಡ್ರಿಸಿ, ಹಸಿ ಜೋಳದ ತೆನೆ ಸುಟ್ಟು, ಶೇಂಗಾ ಹಿಂಡಿ ಜೊತೆ ಕೊಡುತ್ತಾರೆ. ಮಕ್ಕಳಿಗೆ ಚಕ್ಕಡಿ ಸವಾರಿ. ಇಲ್ಲಿನ ಕನ್ನಡದ ಮಂದಿಯೂ ಹೋಗಿ ಬಂದು, ‘ಊರಿಗೆ ಹೋಗಿ ಬಂದಂಗಾತು’ ಅಂತಾರೆ. ಈ ವ್ಯಾಪಾರ ಗಡಿ ದಾಟಿ ನಿಮ್ಮ ಕಡೆಗೂ ಬರತೊಡಗಿದೆ.

ನನ್ನ ತಕರಾರು ಇಷ್ಟೇ. ಸೀತನಿ ಎಂಬುದು ಜೋಳದ ಬಾಳಿನ ಕೆಲವೇ ದಿನದ ಮಾತು. ಬ್ಯಾಸಗಿಯ ದುಡಿಮೆಯನ್ನೆಲ್ಲ ಬಿಟ್ಟು, ಅದೊಂದನ್ನೇ ಕಿತ್ತು ‘ಹಳ್ಳಿಯ ಸುಖ’ ಅಂತ ಮಾರುವುದು ನನಗೆ ಒಪ್ಪಿಗೆಯಿಲ್ಲ.

ವಿಜಯಪುರ ಸೀಮೆಯಲ್ಲಿ ಹಿಂಗಾರಿ ಜೋಳವನ್ನು ಬೇರುಸಹಿತ ಕೈಯಿಂದಲೇ ಕೀಳುವ ರೂಢಿ. ಎರಿ ಮಣ್ಣು ಬಿರಿದು ಗಟ್ಟಿಯಾಗಿರುತ್ತದೆ. ಅಂಗೈ ತುಂಬ ಗುಳ್ಳೆ. ತೆನೆ ಮುರಿದು ರಾಶಿ ಮಾಡಿದ ಮೇಲೆ ಉಳಿಯುವ ದಂಟೇ ಕಣಕಿ. ಅದನ್ನು ಸಿವುಡು ಕಟ್ಟಿ, ಮಳೆಗಾಲದೊಳಗೆ ಬಣವಿ ಒಟ್ಟಬೇಕು. ಕೆಳಗಿನವರು ಸಿವುಡು ಎಸೆಯುತ್ತಾರೆ, ಮೇಲೆ ನಿಂತವನು ಜೋಡಿಸುತ್ತ ಹೋಗುತ್ತಾನೆ. ನೆತ್ತಿ ಇಳಿಜಾರಾಗದಿದ್ದರೆ ನೀರಿಳಿದು ಮೇವು ಕೊಳೆಯಿತೆಂದೇ ಲೆಕ್ಕ. ನನಗೆ ಗೊತ್ತಿರುವ ಹಳ್ಳಿಯ ಸುಖವೆಲ್ಲ ಈ ಕೆಲಸದ ಬೆನ್ನಿಗೆ ಬಂದದ್ದು. ಬಣವಿ ನೆರಳಿನಾಗ ಕೂತು ತಿಂದ ರೊಟ್ಟಿ, ಜುಣಕ, ಉಳ್ಳಾಗಡ್ಡಿ. ಹರವಿಯ ತಣ್ಣನ್ನ ನೀರು. ಒಟ್ಟಿ ಮುಗಿದ ಸಂಜೆ, ‘ಎತ್ತುಗಳ ವರ್ಷದ ಹೊಟ್ಟಿ ತುಂಬಿತು’ ಎನ್ನುವ ನಿರುಂಬಳ. ಇದನ್ನು ತಿಕೀಟು ತೆಗೆಸಿ ಕೊಳ್ಳಲು ಬರುವುದಿಲ್ಲ.

ಕಾಳನ್ನಷ್ಟೇ ಎಣಿಸಿ ಕಣಕಿ ಮರೆಯುವ ಬುದ್ಧಿ ಪ್ರವಾಸಿಗರದಷ್ಟೇ ಅಲ್ಲ, ಸರಕಾರದ್ದೂ ಹೌದು. 1964ರಲ್ಲಿ ಸಿಎಸ್‌ಎಚ್‌-1 ತಳಿಯೊಂದಿಗೆ ಹೈಬ್ರಿಡ್ ಜೋಳದ ಕಾಲ ಶುರುವಾಯಿತು: ಗಿಡ ಗಿಡ್ಡ, ಕಾಳು ಜಾಸ್ತಿ. ಆದರೆ ಹಿಂಗಾರಿಗೆ ನಮ್ಮ ರೈತರು ಎತ್ತರದ ಮಾಲದಂಡಿಯನ್ನು ಬಿಡಲಿಲ್ಲ. ಯಾಕಂದರೆ ರೊಟ್ಟಿಯ ರುಚಿ ಒಂದು, ಕಣಕಿ ಇನ್ನೊಂದು. 2025-26ರ ಬೆಂಬಲ ಬೆಲೆ ನೋಡ್ರಿ. ಕ್ವಿಂಟಲಿಗೆ ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ, ಮಾಲದಂಡಿಗೆ 3,749. ಅಂತರ ಬರೇ 50 ರೂಪಾಯಿ! ಕಣಕಿಗಂತೂ ಬೆಂಬಲ ಬೆಲೆಯೇ ಇಲ್ಲ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು, ಮೇಳಗಳೇನು, ಭಾಷಣಗಳೇನು! ಅದೇ ವರ್ಷ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರ ಬಿದ್ದಾಗಲೇ ನಮಗೆ ಮೇವಿನ ನೆನಪು.

‘ಊರು ಬಿಟ್ಟು ಹೋದಾವ ನೀ, ಪುಣೆದಾಗ ಕೂತು ನಮಗ್ಯಾಕ ಹೇಳ್ತಿ?’ ಎನ್ನುವವರಿದ್ದಾರೆ. ಕಾಳಿನ ದರದಾಗ ಮನಿ ನಡೀಲಿಲ್ಲ ಅಂತಲೇ ನಮ್ಮಂಥವರು ರೈಲು ಹತ್ತಿದ್ದು. ಆ ಲೆಕ್ಕ ಎಲ್ಲಿ ತಪ್ಪಿದೆಯೆಂದು ಹೇಳುವ ಹಕ್ಕು ನಮಗಿದೆ. ‘ಯಂತ್ರ ಬಂದರ ನಿನಗೇನು ಸಂಕಟ?’ ಎಂಬುದು ಇನ್ನೊಂದು ಪ್ರಶ್ನೆ. ಅಂಗೈ ಹರಿದುಕೊಳ್ಳುವ ಹೆಣ್ಣುಮಕ್ಕಳ ಕೆಲಸ ಹಗುರಾಗುವುದು ಬ್ಯಾಡ ಅಂದವರ್ಯಾರು? ಆದರೆ ತೆನೆ ನುಂಗಿ ದಂಟು ಹಾಳುಮಾಡಿ ಹೋಗುವ ಯಂತ್ರ ನಮಗೆ ಬೇಡ. ದಂಟು ಉಳಿಸಿ ಸಿವುಡು ಕಟ್ಟಿಕೊಡುವಂಥದ್ದು ಬೇಕು. ಸಹಾಯಧನ ಕೊಡುವುದಿದ್ದರೆ ಅದಕ್ಕೆ ಕೊಡಲಿ.

ಬಣವಿ ಇಲ್ಲದ ಮನೆಯಲ್ಲಿ ಎತ್ತು ಎಷ್ಟು ದಿನ ಇದ್ದೀತು? ಎತ್ತು ಹೋದ ಮೇಲೆ ಪ್ರವಾಸಿಗರ ಚಕ್ಕಡಿ ಎಳೆಯುವವರಾದರೂ ಯಾರು? ಆದ್ದರಿಂದ ಊರಿನ ಬಂಧುಗಳೇ, ಓಟು ಕೇಳಲು ಬಂದವರಿಗೆ ಕಣಕಿಯ ದರ ಕೇಳ್ರಿ. ನಮ್ಮನ್ನೂ ಬರೀ ಜಾತ್ರಿಗೆ ಕರೀಬ್ಯಾಡ್ರಿ. ಬಣವಿ ಒಟ್ಟುವಾಗ ಕರೀರಿ; ರಜೆ ಹಾಕಿ ಬರುತ್ತೇವೆ.